ಅಪ್ಪನ ಬಲಗೈ

ಬಸವಕಲ್ಯಾಣದ ಕೋಟೆಯ ಕಡೆ ಹೋಗುವ ಗಲ್ಲಿಯಲ್ಲಿ ಇಸ್ತ್ರಿ ಮಾಡುವವನೊಬ್ಬನಿದ್ದಾನೆ. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಅವನು ಕೆಂಡದ ಪೆಟ್ಟಿಗೆ ಎಳೆದಾಗ ಏಳುವ ಆ ಬಿಸಿ ಒದ್ದೆ ವಾಸನೆಗೆ ನನ್ನ ಕಾಲುಗಳು ಇಂದಿಗೂ ತಡೆದು ನಿಲ್ಲುತ್ತವೆ. ನಮ್ಮ ಮನೆಯ ವಾಸನೆ ಅದು. ಹುಮನಾಬಾದಿನಿಂದ ದುಬಲಗುಂಡಿಗೆ ಬಸ್ಸು ಹೋಗುವ ದಾರಿಯಲ್ಲಿ ನಮ್ಮ ಊರು. ಅಪ್ಪ ದರ್ಜಿ. ವಾರವಿಡೀ ಅಂಗಡಿಯಾಗಿರುತ್ತಿದ್ದ ಮುಂದಿನ ಕೋಣೆ ಭಾನುವಾರ ಬೆಳಿಗ್ಗೆ ನಮ್ಮ ಗುಡಿಯಾಗುತ್ತಿತ್ತು. ಅವ್ವ ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ ಜಮಖಾನ ಹಾಸುತ್ತಿದ್ದಳು. ಆರು ಮನೆಯವರು ಬಂದು ಯೇಸುವಿನ ಹಾಡು ಹಾಡುತ್ತಿದ್ದರು. ಅಪ್ಪನದು ಮೆಲುದನಿ, ಪ್ರಾರ್ಥನೆಯನ್ನೂ ಯಾರಿಗೂ ಕೇಳಿಸದಂತೆ ಮಾಡುವ ಮನುಷ್ಯ. ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ; ಅವಳು ಅಪ್ಪ ಕತ್ತರಿಸಿ ಬಿಟ್ಟ ಚಿಂದಿ ಒಯ್ದು ಕೌದಿ ಹೊಲಿಯುತ್ತಿದ್ದಳು. ನಿಮಗೂ ಅಂಥ ಒಂದು ಮನೆ ಇದ್ದಿರಬಹುದು, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವಂಥದ್ದು.

ನನಗೆ ಒಂಬತ್ತು ವರ್ಷವಾದಾಗ ಆ ಮನೆಯೊಳಗೆ ಭಯ ಬಂತು. ಮೊದಲು ಹೊಲಿಯಲು ಬಟ್ಟೆ ಕೊಡುವವರು ಕಡಿಮೆಯಾದರು. ಆಮೇಲೆ ಒಂದು ಮೋಟರ್ ಸೈಕಲ್ ದಿನವೂ ಬಾಗಿಲ ಮುಂದೆ ವೇಗ ತಗ್ಗಿಸಿ ಹೋಗತೊಡಗಿತು. ಅದರ ಸದ್ದಿಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅದು ದೂರವಾದ ಮೇಲೆಯೇ ಮತ್ತೆ ಕೈಯಾಡುತ್ತಿತ್ತು. "ಈ ಐತವಾರ ಬ್ಯಾಡ್ರಿ," ಎಂದು ಒಮ್ಮೆ ಅಂದಳು. "ನನಗೂ ಅಂಜಿಕಿ ಅದ," ಎಂದ ಅಪ್ಪ, ಜಮಖಾನ ತಾನೇ ಹಾಸಿದ.

ಅಂದು ಹಾಡು ಅರ್ಧಕ್ಕೆ ಬಂದಿತ್ತು. ಏಳೆಂಟು ಗಂಡಸರು ಚಪ್ಪಲಿ ಕಾಲಲ್ಲೇ ಒಳಗೆ ಬಂದರು. ಹೆಚ್ಚಿನವರ ಮುಖ ನಾನು ಕಂಡಿರಲಿಲ್ಲ. ಆದರೆ ಒಬ್ಬನ ಅಂಗಿಯನ್ನು ಕಾಲರಿನಿಂದ ಗುರುತು ಹಿಡಿದೆ, ಅಪ್ಪನೇ ಹೊಲಿದದ್ದು. "ಇದೆಲ್ಲಾ ಯಾರ್ ನಡಸಾಕತ್ತೀರಿ?" ಎಂದ ಅವನು. ಅಪ್ಪ ಎದ್ದು ನಿಂತ. "ನಾನ್ರಿ. ಇದು ನನ್ನ ಮನಿ."

ಗೋಡೆಗಿದ್ದ, ಬಟ್ಟೆ ಅಳೆಯುವ ಕಬ್ಬಿಣದ ಗಜವನ್ನೇ ತೆಗೆದುಕೊಂಡು ಹೊಡೆದರು. ಅಪ್ಪ ತಲೆಗೆ ಕೈ ಅಡ್ಡ ಹಿಡಿದ. ಪೆಟ್ಟೆಲ್ಲ ಬಲಗೈಗೆ ಬಿತ್ತು. ನಾನು ಬಾಗಿಲಿಗೆ ಒರಗಿದ್ದೆ. ಒಬ್ಬ ನನ್ನ ರಟ್ಟೆ ಹಿಡಿದು, "ಏ ಹುಡುಗಿ, ನೀ ಯಾರ ಮಗಳು?" ಎಂದ.

"ಬಾಜೂ ಮನಿಯಾಕಿ ರೀ. ಬಟ್ಟಿ ಒಯ್ಲಾಕ ಬಂದೀನಿ," ಅಂದೆ.

ಬಿಟ್ಟುಬಿಟ್ಟ. ನೆಲದ ಮೇಲಿಂದ ಅಪ್ಪ ನನ್ನನ್ನು ಒಮ್ಮೆ ನೋಡಿದ. ನಾನು ಓಡಿದೆ. ಖಾಲಾ ನನ್ನನ್ನು ಕೌದಿಗಳ ರಾಶಿಯ ಹಿಂದೆ ಕೂರಿಸಿ, ತಾನು ಹೊಸ್ತಿಲಿಗೆ ಅಡ್ಡ ನಿಂತಳು.

ಆ ತಿಂಗಳೇ ಊರು ಬಿಟ್ಟು ಬಸವಕಲ್ಯಾಣಕ್ಕೆ ಬಂದೆವು. ಅಪ್ಪನ ಎರಡು ಬೆರಳು ಮತ್ತೆ ಮಡಚಲಿಲ್ಲ. ಅವ್ವ ಯಂತ್ರ ತುಳಿದಳು; ಅಪ್ಪ ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿತ. ನಾನು ಮಾತ್ರ ಎಂಟು ವರ್ಷ ಅವನ ಕಣ್ಣು ತಪ್ಪಿಸಿ ಬೆಳೆದೆ. ಕಾಲೇಜಿಗೆ ಸೇರಿದ ವರ್ಷ, ಒಂದು ಮಧ್ಯಾಹ್ನ, ಅವನು ಗುಂಡಿ ಕಾಜ ಗುರುತು ಹಾಕುತ್ತಿದ್ದಾಗ, ಅಂದು ನಾನಾಡಿದ ಮಾತನ್ನು ಹೇಳಿಬಿಟ್ಟೆ.

"ಕೇಳೀನಲ್ಲ," ಎಂದ ಅಪ್ಪ, ತಲೆ ಎತ್ತದೆ. "ಆವಾಗ ನಾ ಒಂದೇ ಬೇಡಾಕತ್ತಿದ್ದೆ. ದೇವರೇ, ಇಕಿ ನನ್ನ ಮಗಳಂತ ಇವರಿಗೆ ತಿಳೀಬಾರ್ದು ಅಂತ. ನಿನ್ನ ಬಾಯಾಗ ಅದೇ ಮಾತು ಬಂತು."

ಇನ್ನೊಂದು ಕಾಜದ ಗುರುತು ಹಾಕಿ, ತಾನೇ ಮುಂದುವರಿಸಿದ. "ನಮ್ಮಪ್ಪ ಪ್ರಾರ್ಥನಿಗೆ ಹೋಗ್ತಿದ್ದ ಅಂತ ನಾನೂ ಹೋಗ್ತಿದ್ದೆ, ಅಷ್ಟೇ. ಯಾರು ಅಂತ ಅವರು ಕೇಳಿದಾಗ ಎದ್ದು ನಿಂತೆ ನೋಡು, ಅವತ್ತಿಂದ ಆ ನಂಬಿಕಿ ನಂದಾತು. ಅಂಜಿಕಿ ಏನೂ ಹೋಗಿಲ್ಲ. ಅಂಜಿಕಿ ಒಳಗೂ ಯೇಸು ನನ್ನ ಸಂಗಟ ಇದ್ದ. ಅದು ಆಶೀರ್ವಾದ ಅಲ್ಲೇನು?" ಮಡಚದ ಆ ಬೆರಳುಗಳನ್ನು ನನ್ನ ತಲೆಯ ಮೇಲಿಟ್ಟ. ಎಂಟು ವರ್ಷದ ಅಳು ನನಗೆ ಆಗ ಬಂತು.

ಅಪ್ಪ ಈಗಿಲ್ಲ. ಖಾಲಾ ಅವನಿಗಿಂತ ಮೊದಲೇ ಹೋದಳು. ಊರಿನ ಆ ಮನೆಯ ಜಾಗದಲ್ಲಿ ಯಾರದೋ ತೊಗರಿ ಬಣವೆ ಇದೆಯಂತೆ. ನಾನು ನೋಡಲು ಹೋಗಿಲ್ಲ. ಭಾನುವಾರ ನಾವು ಹತ್ತು ಹನ್ನೆರಡು ಮಂದಿ ಒಂದು ಬಾಡಿಗೆ ಕೋಣೆಯಲ್ಲಿ ಸೇರುತ್ತೇವೆ. ಹೊರಗೆ ಹೆಜ್ಜೆಗಳು ನಿಂತರೆ ಪಕ್ಕದಲ್ಲಿ ಕೂತ ಮಗಳ ಕೈ ಹಿಡಿಯುತ್ತೇನೆ. ಹೆಜ್ಜೆಗಳು ಮುಂದೆ ಹೋಗುತ್ತವೆ. ನಿಂತುಹೋದ ಹಾಡಿನ ಸಾಲನ್ನು ಯಾರೋ ಮೆಲ್ಲಗೆ ಎತ್ತಿಕೊಳ್ಳುತ್ತಾರೆ, ನಾನೂ ದನಿಗೂಡಿಸುತ್ತೇನೆ.