ಕಾರಿನ ಬೀಗಕ್ಕೆ ಹಾಕಿದ ತೆಂಗಿನೆಣ್ಣೆ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಬೀಗ ಕಚ್ಚಿಕೊಂಡಿತು. ಚಳಿಗೆ ಬೆರಳು ಮರಗಟ್ಟಿದ್ದವು, ಹಾಲಿನವನು ಆಚೆ ಕಾದು ನಿಂತಿದ್ದ. ಒಳಗೆ ಹೋಗಿ ಒಂದು ಪೆನ್ಸಿಲ್ ತಂದೆ. ಬ್ಲೇಡಿನಿಂದ ಅದರ ಸೀಸವನ್ನು ಕಾಗದದ ಮೇಲೆ ಹೆರೆದು, ಆ ಕರೀ ಪುಡಿಯನ್ನು ಬೀಗದ ಬಾಯಿಗೆ ಊದಿದೆ. ಎರಡು ಸಲ ಕೀ ಆಡಿಸಿದ ಮೇಲೆ ಬೀಗ ಬಿಟ್ಟುಕೊಂಡಿತು. "ಪರ್ವಾಗಿಲ್ವೆ ಟೀಚರಮ್ಮ, ಬೀಗದ್ ಕೆಲ್ಸಾನೂ ಕಲ್ತಿದೀರಿ" ಎಂದ ಹಾಲಿನವನು. ಹೆರೆದ ಪೆನ್ಸಿಲಿನ ಆ ವಾಸನೆ... ಮರದ್ದು, ಸೀಸದ್ದು... ಮೂಗಿಗೆ ತಾಕಿದ್ದೇ ತಡ, ಎದುರು ಮನೆಯ ಡ್ರೈವರಣ್ಣ ಕಣ್ಣ ಮುಂದೆ ಬಂದು ನಿಂತಿದ್ದರು.

ತೊಂಬತ್ತರ ದಶಕದ ಮಾತು. ನಾನು ನಾಗಮಂಗಲದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ನಮ್ಮ ಮನೆಯವರ ಕೆಲಸ ಪಾಂಡವಪುರದಲ್ಲಿದ್ದುದರಿಂದ ಮನೆ ಅಲ್ಲೇ ಮಾಡಿದ್ದೆವು. ಡ್ರೈವರಣ್ಣನ ಮನೆ ನಮ್ಮ ಮನೆಗೆ ಎದುರಾಬದುರು. ಅವರಿಗೆ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಅಕ್ಷರ ಗೊತ್ತಿತ್ತು. ಕಾಗದವೋ ನೋಟಿಸೋ ಬಂದರೆ ಹಿಡಿದುಕೊಂಡು ನೇರವಾಗಿ ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಗಟ್ಟಿಯಾಗಿ ಓದಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಎಷ್ಟೋ ಸಲ ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿ ನಾನು ವ್ಯಾಖ್ಯಾನ ಮಾಡುತ್ತಿದ್ದೆ. ಟೀಚರುಗಳ ಕಾಯಿಲೆಯೇ ಅದು, ಕೇಳುವವರು ಸಿಕ್ಕರೆ ಪಾಠ ಶುರು.

ಇಪ್ಪತ್ತು ವರ್ಷ ಅವರು ಕಂಡವರ ಗಾಡಿ ಓಡಿಸಿದ್ದರು. ದಿನಾ ಸಂಜೆ ಗಾಡಿ ತೊಳೆದು, ಯಜಮಾನರ ಮನೆ ಬಾಗಿಲಿಗೆ ಹೋಗಿ ಕೀ ಒಪ್ಪಿಸಿ ಬರಬೇಕಿತ್ತು. ಒಬ್ಬ ಯಜಮಾನ ಕೀಯನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲವಂತೆ, ಜಗಲಿಯ ಗೋಡೆಗೆ ಒಂದು ಮೊಳೆ ಹೊಡೆಸಿದ್ದನಂತೆ. ಕೊನೆಗೆ ಐವತ್ತು ತುಂಬುವ ಹೊತ್ತಿಗೆ ತಮ್ಮ ಪಾಲಿನ ಗದ್ದೆಯನ್ನು ಅಣ್ಣನಿಗೇ ಮಾರಿ, ಆ ದುಡ್ಡಿನಲ್ಲಿ ಶ್ರೀರಂಗಪಟ್ಟಣದಿಂದ ಒಂದು ಹಳೇ ಬಾಡಿಗೆ ಕಾರು ತಂದರು. "ಅನ್ನ ಕೊಡೋ ಗದ್ದೆ ಮಾರ್ಬುಟ್ಟು ಗುಜ್ರಿ ತಂದವ್ನೆ ಕಣ್ಲಾ" ಎಂದು ಆ ಅಣ್ಣನೇ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಇವರು ನಕ್ಕು ಸುಮ್ಮನಾದರು. ಕಾರಿನ ಕೀ ಸದಾ ಅಂಗಿಯ ಎಡಜೇಬಿನಲ್ಲಿ. ಮಾತಾಡುವಾಗ ಮಧ್ಯೆ ಮಧ್ಯೆ ಜೇಬನ್ನು ಮುಟ್ಟಿ ನೋಡಿಕೊಳ್ಳುವರು. ಒಂದು ದಿನ ನನಗೆ ಹೇಳಿದ್ದರು, "ಈ ಕೀ ರಾತ್ರಿ ನಮ್ಮನೇಲೇ ಮಲಗ್ತದೆ ಟೀಚರಮ್ಮ."

ಆ ಕಾರಿಗೆ ದಿನದ ಅನ್ನ ಹಾಕುತ್ತಿದ್ದವರು ನಾವು ನಾಲ್ವರು ಹೆಂಗಸರು. ನಾಲ್ವರೂ ಪಾಂಡವಪುರದವರು, ನಾಲ್ವರ ಕೆಲಸವೂ ನಾಗಮಂಗಲದಲ್ಲಿ. ಬಸ್ಸಿನ ನೂಕುನುಗ್ಗಲು ಬೇಡವೆಂದು ತಿಂಗಳ ಲೆಕ್ಕದಲ್ಲಿ ಅವರ ಕಾರು ಗೊತ್ತುಮಾಡಿಕೊಂಡಿದ್ದೆವು. ಮದುವೆ, ಆಸ್ಪತ್ರೆ ಅಂತ ಬಿಡಿ ಬಾಡಿಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ನಾವು ಬಿಟ್ಟರೆ ಕಾರು ನಿಲ್ಲುತ್ತದೆ, ಕಾರು ನಿಂತರೆ ಡ್ರೈವರಣ್ಣ ಮತ್ತೆ ಮೊಳೆಗೆ ಕೀ ನೇತುಹಾಕಲು ಹೋಗಬೇಕು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾರಿನಲ್ಲಿ ಮಿಕ್ಕದ್ದೆಲ್ಲ ಒಂದು ತೂಕವಾದರೆ ಅದರ ಕೀ ಸ್ವಿಚ್ಚೇ ಒಂದು ತೂಕ. ಎಷ್ಟು ಕೈ ದಾಟಿ ಬಂದಿತ್ತೋ ಏನೋ, ಕೀ ಹಲ್ಲೆಲ್ಲ ಸವೆದು ಮುದುಕರ ಬಾಯಿಯ ಹಾಗಾಗಿತ್ತು. ಪೂರ್ತಿ ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಎಡಗಡೆಗೆ ಒತ್ತಿಕೊಂಡು ತಿರುಗಿಸಿದರೆ ಮಾತ್ರ ಸೆಲ್ಫ್ ಹೊಡೆದು ಇಂಜಿನ್ನು ಚಾಲೂ ಆಗುತ್ತಿತ್ತು. ಆ ವಿದ್ಯೆ ಅವರೊಬ್ಬರಿಗೇ ಗೊತ್ತು. ಹೊಸ ಸ್ವಿಚ್ಚು ಮೈಸೂರಿನಲ್ಲಿ ಸಿಗುತ್ತಿತ್ತು. ಒಂದು ದಿನ ಹೋಗಿ ಬೆಲೆ ಕೇಳಿಕೊಂಡು ಬಂದವರು ಆಮೇಲೆ ಆ ಮಾತೇ ಎತ್ತಲಿಲ್ಲ. ಮುಂದಿನ ಎರಡೂ ಟೈರು ಬೋಳಾಗಿದ್ದವು, ಮೊದಲು ಅವಕ್ಕೆ ಆಗಬೇಕಿತ್ತು.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಅವರು ಕಾರು ತೊಳೆಯುತ್ತಿದ್ದರು. ನಾನು ಜಗಲಿಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದೆ. ಕೀ ತಿರುಗದೆ ಅವರು ಒದ್ದಾಡುವುದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಎದ್ದು ಹೋಗಿ ಘರ್ಷಣೆ ಎಂದರೇನು, ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ಅರ್ಧ ಗಂಟೆ ಪಾಠ ಹೇಳಿದೆ. ಆಮೇಲೆ ಒಳಗಿನಿಂದ ಇಂಕ್ ಫಿಲ್ಲರ್ ತಂದು, ನನ್ನ ತಲೆಗೆ ಹಾಕುವ ತೆಂಗಿನೆಣ್ಣೆಯನ್ನೇ ಹೀರಿ ಸ್ವಿಚ್ಚಿನ ಬಾಯಿಗೆ ಬಿಟ್ಟೆ. ನಮ್ಮ ಕಡೆ ಕಿರ್ರೆನ್ನುವ ಬಾಗಿಲಿಗೂ ಅದೇ ಎಣ್ಣೆ, ಕಿವಿನೋವಿಗೂ ಅದೇ ಎಣ್ಣೆ. ಡ್ರೈವರಣ್ಣನ ಹೆಂಡತಿ ಪೂಜೆ ಮಾಡುವಾಗ ಸ್ಟೇರಿಂಗಿಗೆ, ಬಾನೆಟ್ಟಿಗೆ ಕುಂಕುಮ ಇಟ್ಟು, ಆ ಕೀ ಸ್ವಿಚ್ಚಿನ ಬಾಯಿಗೂ ಹೆಬ್ಬೆರಳು ತುಂಬ ಕುಂಕುಮ ಒತ್ತಿದರು. ಅದೇ ತಾನೇ ಹೆಚ್ಚು ಕಾಟ ಕೊಡುತ್ತಿದ್ದದ್ದು!

ಹಬ್ಬದ ರಜೆ ಮುಗಿದು ಕೆಲಸಕ್ಕೆ ಹೊರಟ ದಿನ ಕೀ ಸರಾಗವಾಗಿ ತಿರುಗಿತು. "ಬೆಣ್ಣೇಲಿ ಚಾಕು ಆಡ್ದಂಗೆ ಆಡ್ತದೆ ನೋಡಿ" ಎಂದು ಅವರು ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಕಾರು ಸ್ಟ್ಯಾಂಡಿನಲ್ಲೂ "ನಮ್ ಟೀಚರಮ್ಮೋರ ತಲೆ ಅಂದ್ರೆ ತಲೆ ಕಣ್ರಪ್ಪ" ಎಂದು ಹೊಗಳಿಕೊಂಡು ಬಂದರಂತೆ. ನಾನು ಉಬ್ಬಿಹೋದೆ. ಅವರು ಕೇಳದಿದ್ದರೂ ಹದಿನೈದು ದಿನಕ್ಕೊಮ್ಮೆ ಫಿಲ್ಲರ್ ಹಿಡಿದು ಹೋಗಿ ಎಣ್ಣೆ ಬಿಟ್ಟು ಬರುತ್ತಿದ್ದೆ...

ಧನುರ್ಮಾಸ ಬಂತು. ತೊಣ್ಣೂರು ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಬೆಳಗಿನ ಹೊತ್ತು ಹಲ್ಲು ಕಟಕಟ ಎನ್ನುತ್ತಿತ್ತು. ಕೀ ಸ್ವಿಚ್ಚು ಮತ್ತೆ ಹಟ ಹಿಡಿಯಿತು. ಈ ಸಲ ಹಿಂದಕ್ಕೆ ಎಳೆದರೂ ಇಲ್ಲ, ಎಡಗಡೆಗೆ ಒತ್ತಿದರೂ ಇಲ್ಲ. ಅವರು ಬೆಂಕಿಕಡ್ಡಿ ಗೀರಿ ಕೀಯನ್ನು ಕಾಯಿಸಿ ತೂರಿಸುವರು. ಮೂರು ಕಡ್ಡಿ, ನಾಲ್ಕು ಕಡ್ಡಿ ಆದಮೇಲೆ ತಿರುಗುವುದು. ಮಧ್ಯಾಹ್ನ ಮಾತ್ರ ಏನೂ ತೊಂದರೆಯಿಲ್ಲ. "ಬೆಳಿಗ್ಗೆ ಮಾತ್ರ ಇದಕ್ಕೇನು ಬತ್ತದೋ ಕಾಣೆ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತ ನನಗೂ ಹೊಳೆಯಲಿಲ್ಲ.

ನನ್ನ ಬಚ್ಚಲಿನ ಕಿಟಕಿಯಲ್ಲಿ ಅದೇ ಎಣ್ಣೆಯ ಸೀಸೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ದಿನಾ ಬೆಳಿಗ್ಗೆ ಅದನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು ಕರಗಿಸಿ, ತಲೆಗೆ ಹಚ್ಚಿಕೊಂಡು, ಜಡೆ ಹೆಣೆದುಕೊಂಡು ಬಂದು ನಾನು ಆ ಕಾರು ಹತ್ತುತ್ತಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಘನ, ದ್ರವ ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದವಳೂ ನಾನೇ. ಇಂಥ ದಡ್ಡತನಕ್ಕೆ ಏನೆನ್ನಬೇಕೋ ಇವತ್ತಿಗೂ ಗೊತ್ತಾಗಿಲ್ಲ.

ಮೂರು ದಿನ ಕಚೇರಿಗೆ ತಡವಾದ ಮೇಲೆ, ನಮ್ಮ ನಾಲ್ವರಲ್ಲಿ ಹಿರಿಯರಾಗಿದ್ದ ಅಕ್ಕ ಖಂಡಿತವಾಗಿ ಹೇಳಿಬಿಟ್ಟರು. ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅವರು ಕೆಟ್ಟವರಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಕಂಡರೆ ನಡುಗುವವರು. "ನೋಡಪ್ಪ, ಇನ್ನು ಹೀಗಾದರೆ ನಾವು ಬೇರೆ ಗಾಡಿ ನೋಡ್ಕೋಬೇಕಾಗುತ್ತೆ."

"ಇಲ್ಲ ಕಣಕ್ಕ, ಇನ್ನೊಂದ್ಸಲ ಇಂಗಾಗಕ್ಕಿಲ್ಲ" ಎಂದರು ಡ್ರೈವರಣ್ಣ.

ಆದದ್ದು ಅದೇ ಶನಿವಾರ. ನನಗೆ ಬೆಳಗಿನ ಶಾಲೆ, ಹಾಗಾಗಿ ಎಂದಿಗಿಂತ ಬೇಗ ಹೊರಟಿದ್ದೆವು. ಕಡ್ಡಿ ಗೀರಿ ಗೀರಿ ಬೆಂಕಿಪೊಟ್ಟಣ ಖಾಲಿಯಾಯಿತು. ಹಿಂದಿನ ಸೀಟಿನಲ್ಲಿ ಅಕ್ಕ ಗಡಿಯಾರ ನೋಡಿಕೊಂಡು ಉಸಿರು ಬಿಟ್ಟರು. ಆ ಉಸಿರು ಕೇಳಿ ಡ್ರೈವರಣ್ಣ ಜೋರಾಗಿ ತಿರುಗಿಸಿದರು. ಟಪ್ ಎಂದು ಅರ್ಧ ಕೀ ಒಳಗೇ ಉಳಿಯಿತು, ಇನ್ನರ್ಧ ಅವರ ಬೆರಳಲ್ಲಿತ್ತು. ಅವರು ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ತಂತಿ ಕಿತ್ತು, ಒಂದಕ್ಕೊಂದು ತಾಕಿಸಿ ಗಾಡಿ ಚಾಲೂ ಮಾಡಿದರು. ಹಾಗೇ ನಮ್ಮನ್ನು ನಾಗಮಂಗಲ ಮುಟ್ಟಿಸಿದರು.

ಶಾಲೆ ಬಿಟ್ಟು ಬಂದಾಗ ಅವರು ಬಸ್ ಸ್ಟ್ಯಾಂಡಿನ ಹತ್ತಿರ ಬೀಗ ರಿಪೇರಿಯವನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಿಚ್ಚಿದ ಸ್ವಿಚ್ಚು ಗೋಣಿಚೀಲದ ಮೇಲೆ ಬಿದ್ದಿತ್ತು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತೆ. ರಿಪೇರಿಯವನು ಸೈಕಲ್ಲಿನ ಕಡ್ಡಿಯಿಂದ ಅದರ ಒಳಗನ್ನು ಕೆದಕಿ, ಕೆಂಪಗಿನ ಅಂಟು ಜಿಡ್ಡನ್ನು ಹೊರಗೆ ತೆಗೆದ. ಬೆರಳಲ್ಲಿ ಹೊಸಕಿ ಮೂಸಿದ.

"ತೆಂಗಿನೆಣ್ಣೆ! ಇದಕ್ಕೆ ತೆಂಗಿನೆಣ್ಣೆ ಹುಯ್ದ ಪುಣ್ಯಾತ್ಮ ಯಾರಣ್ಣ? ಚಳೀಲಿ ಗಡ್ಡೆ ಕಟ್ಕಂಡು, ಕುಂಕ್ಮ ದೂಳು ಎಲ್ಲಾ ಸೇರ್ಕಂಡು ಒಳಗಿನ್ ಹಿತ್ತಾಳೆ ಚೂರೆಲ್ಲ ಮುರ್ದೋಗವೆ. ಒಂದೀಟು ಪೆನ್ಸಿಲ್ ಸೀಸ ಹೆರ್ದು ಊದಿದ್ರೆ ಇನ್ನೆರಡು ವರ್ಸ ಬತ್ತಿತ್ತು."

ನನ್ನ ಕೈಚೀಲದಲ್ಲಿ ಆಗ ಎರಡು ಪೆನ್ಸಿಲ್ ಇದ್ದವು.

ಡ್ರೈವರಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ ಕಣಪ್ಪ ಹುಯ್ದಿದ್ದು" ಎಂದರು.

"ಇಪ್ಪತ್ತೊರ್ಸ ಗಾಡಿ ಓಡ್ಸಿದೀನಿ ಅಂತೀರಿ, ಅಷ್ಟೂ ಗೊತ್ತಾಗ್ನಿಲ್ವೆ?" ಎಂದು ಅವನು ನಕ್ಕ. ಇವರೂ ನಕ್ಕರು. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ರಸ್ತೆಯಲ್ಲಿ ನನ್ನ ಶಾಲೆಯ ಮಕ್ಕಳು ನಮಸ್ಕಾರ ಮಿಸ್ ಎನ್ನುತ್ತ ಹೋಗುತ್ತಿದ್ದರು, ಆ ನಮಸ್ಕಾರ ತೆಗೆದುಕೊಳ್ಳುತ್ತ ನಿಂತಿದ್ದೆ. ನಾಚಿಕೆಗೇಡು.

ಹೊಸದಕ್ಕೆ ದುಡ್ಡಿಲ್ಲ ಎಂದಾಗ ಬೀಗದವನು ತನಗೆ ತಿಳಿದ ದಾರಿ ತೋರಿಸಿದ. ಕರೆಂಟು ಬಿಡಲು ಮನೆಗೆ ಹಾಕುವಂಥ ಒಂದು ಸ್ವಿಚ್ಚು, ಸೆಲ್ಫ್ ಹೊಡೆಯಲು ಹಳೇ ಟ್ರಾಕ್ಟರಿನಿಂದ ಬಿಚ್ಚಿದ ಗುಂಡಿ. ಒತ್ತಿದರೆ ಕಾರು ಹೊರಡುತ್ತಿತ್ತು, ಕೀ ಬೇಕಿರಲಿಲ್ಲ. ವಾಪಸು ಬರುವಾಗ ಡ್ರೈವರಣ್ಣ ಅಭ್ಯಾಸಬಲದಿಂದ ಜೇಬು ಮುಟ್ಟಿ ನೋಡಿಕೊಂಡರು. ಅಲ್ಲಿ ಆ ಅರ್ಧ ಕೀ ಇತ್ತು. ಮಿಕ್ಕ ಮೂವರು ಸಂಜೆ ಬಸ್ಸಿಗೆ ಬರುವುದೆಂದಾಗಿತ್ತು, ಆ ದಾರಿಯಲ್ಲಿ ಕಾರಿನಲ್ಲಿ ಇದ್ದದ್ದು ನಾವಿಬ್ಬರೇ. ಒಂದೂವರೆ ಗಂಟೆ... ಅಷ್ಟು ಹೊತ್ತಿನಲ್ಲಿ ಎರಡು ಮಾತು ಆಡಲು ನನ್ನ ನಾಲಿಗೆ ಏಳಲಿಲ್ಲ.

ಮೂರು ವಾರ ಕಳೆದಿರಬೇಕು. ಜಕ್ಕನಹಳ್ಳಿ ದಾಟುವಾಗ ಆ ಸ್ವಿಚ್ಚಿನ ತಂತಿ ಬಿಸಿಯಾಗಿ, ಸುಟ್ಟ ವಾಸನೆ ಬಂದು, ಡ್ಯಾಶ್‌ಬೋರ್ಡಿನಿಂದ ಸಣ್ಣಗೆ ಹೊಗೆ ಎದ್ದಿತು. ಡ್ರೈವರಣ್ಣ ತಕ್ಷಣ ನಿಲ್ಲಿಸಿ, ತಂತಿ ಕಿತ್ತರು. ಯಾರಿಗೂ ಏನೂ ಆಗಲಿಲ್ಲ. ಆದರೆ ರಸ್ತೆ ಬದಿಯಲ್ಲಿ ಇಳಿದು ನಿಂತ ಅಕ್ಕ ಬಂದ ಬಸ್ಸಿಗೆ ಕೈ ಅಡ್ಡ ಹಾಕಿದರು. ಮಾರನೆಯ ಸಂಜೆ ನಾವು ನಾಲ್ವರೂ ಅಕ್ಕನ ಮನೆಯಲ್ಲಿ ಸೇರಿದೆವು. ಬೇರೆ ವ್ಯಾನು ಗೊತ್ತುಮಾಡುವುದೆಂದು ಅಕ್ಕ ಹೇಳಿದರು, ಮಿಕ್ಕಿಬ್ಬರು ಹೂಂ ಎಂದರು. "ನೀನೇನಂತೀಯೆ?" ಎಂದು ನನ್ನನ್ನು ಕೇಳಿದರು. ಇದಕ್ಕೆಲ್ಲ ಕಾರಣ ನಾನು, ಹೊಸ ಸ್ವಿಚ್ಚಿಗೆ ನಾವೇ ನಾಲ್ವರೂ ದುಡ್ಡು ಹಾಕೋಣ ಎನ್ನಬಹುದಿತ್ತು. ಎಲ್ಲರೂ ಹೇಗೋ ಹಾಗೆ ಎಂದೆ.

ಹೊಸ ವ್ಯಾನು ಬಂದ ಬೆಳಿಗ್ಗೆ ಡ್ರೈವರಣ್ಣ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ನಾನು ಹತ್ತುವುದನ್ನು ಕಂಡು ಕೈ ಎತ್ತಿ, ಹುಷಾರಾಗಿ ಹೋಗಿಬನ್ನಿ ಎನ್ನುವ ಹಾಗೆ ಆಡಿಸಿದರು.

ಬೇಸಿಗೆ ಬರುವ ಹೊತ್ತಿಗೆ ಕಾರು ಮಾರಿದರು. ಕೀ ಇಲ್ಲದ ಕಾರಿಗೆ ಯಾರು ಬೆಲೆ ಕಟ್ಟುತ್ತಾರೆ? ಕೊಂಡವನು ಗುಜರಿಯವನೇ ಎಂದು ಆಮೇಲೆ ತಿಳಿಯಿತು. ಅವರಣ್ಣನ ಮಾತು ನಿಜವಾಯಿತು. ಇವರು ಕೆ.ಆರ್. ಪೇಟೆಯಲ್ಲಿ ಒಬ್ಬರ ಗಾಡಿಗೆ ಡ್ರೈವರಾಗಿ ಸೇರಿದರು. ನನಗೂ ಬಿಂಡಿಗನವಿಲೆಗೆ ವರ್ಗವಾಗಿ, ಮನೆ ಅಲ್ಲಿಗೆ ಹತ್ತಿರದ ನಾಗಮಂಗಲಕ್ಕೆ ಬದಲಾಯಿತು.

ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಕೆ.ಆರ್. ಪೇಟೆಗೆ ಹೋಗಿದ್ದಾಗ, ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಡ್ರೈವರಣ್ಣ ನಡೆದು ಬರುತ್ತಿದ್ದರು. ಬಡವಾಗಿದ್ದರು, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಕೈಯಲ್ಲೊಂದು ಕೀ. ಯಜಮಾನರ ಮನೆಗೆ ಕೊಟ್ಟು ಬರಲು ಹೊರಟಿದ್ದರು.

"ಚೆನ್ನಾಗಿದೀರಾ ಟೀಚರಮ್ಮ?" ಎಂದು ಬಾಯಿತುಂಬ ಕೇಳಿದರು. ನಮ್ಮ ಮನೆಯವರನ್ನು ವಿಚಾರಿಸಿದರು. ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಹೇಳಿದರು, "ಆ ಎಣ್ಣೆ ಇಸ್ಯ ಮನ್ಸಲ್ಲಿ ಮಡಿಕ್ಕಬ್ಯಾಡಿ. ನನ್ಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ರಿ."

"ಯಾವ ಎಣ್ಣೆ ಅಣ್ಣ?" ಎಂದೆ ನಾನು.

ಹೌದು, ಹಾಗೇ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಏನಿಲ್ಲ ಬುಡಿ, ಬಸ್ಸು ಒಂಟೋಯ್ತದೆ" ಎಂದರು.

ಅದೇ ಕೊನೆ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು, ಹನ್ನೊಂದು ದಿನ ಕಳೆದ ಮೇಲೆ. ಅವರ ಹೆಂಡತಿಗೆ ಮುಖ ತೋರಿಸಲು ಧೈರ್ಯ ಸಾಲದೆ ನಾನು ಹೋಗಲಿಲ್ಲ...

ಗೇಟಿನ ಬೀಗ ಈಗ ಚೆನ್ನಾಗಿದೆ. ಪೆನ್ಸಿಲಿನ ಪುಡಿ ಇನ್ನೂ ಆ ಕಾಗದದ ಮೇಲಿದೆ, ಅದರ ಪಕ್ಕದಲ್ಲೇ ಕೂತು ಇದನ್ನು ಬರೆದೆ. ಎಣ್ಣೆ ಹಾಕಿದ್ದು ನಾನು, ಅವರಲ್ಲ. ಆದರೆ ಬರೆದು ಏನು ಬಂತು? ಅವರಿಗೆ ಓದಲು ಬರುತ್ತಿರಲಿಲ್ಲ. ಬದುಕಿದ್ದಿದ್ದರೆ ಈ ಕಾಗದವನ್ನೂ ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು, ನಾನೇ ಗಟ್ಟಿಯಾಗಿ ಓದಿ ಹೇಳಬೇಕಿತ್ತು.