ಬೀಳಬಾರದ ಯೋಧ

ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲು ಕಾಯುವ ಗಾರ್ಡಿಗೆ ಆ ವಾರ ರೋಗಿಯೊಬ್ಬನ ಕಡೆಯವರು ಹಿಗ್ಗಾಮುಗ್ಗಾ ಹೊಡೆದಿದ್ದರು. ಪಕ್ಕೆಲುಬಿಗೆ ಪಟ್ಟಿ ಸುತ್ತಿಕೊಂಡೇ ಅವನು ಭಾನುವಾರ ತಂಗಿಯ ಮನೆಗೆ ಆಟಕ್ಕೆ ಬಂದ. ರಾಕ್ಷಸರ ಕಥೆ ಕಟ್ಟಿ, ದಾಳ ಉರುಳಿಸಿ ಆಟ ನಡೆಸುವವಳು ತಂಗಿಯೇ; ಆಡುವವರು ತಮ್ಮ ತಮ್ಮ ಪಾತ್ರವನ್ನು ಹಾಳೆಯ ಮೇಲೆ ಕಟ್ಟಿಕೊಂಡು ಆ ರಾಕ್ಷಸರೊಂದಿಗೆ ಹೋರಾಡಬೇಕು. ಹಿಂದೆ ನಿಂತು ಬಾಣ ಬಿಡುವ ತನ್ನ ಹಳೆಯ ಪಾತ್ರವನ್ನು ಬಿಟ್ಟು, ಎಲ್ಲರಿಗಿಂತ ಮುಂದೆ ನಿಲ್ಲುವ ಹೊಸ ಯೋಧನನ್ನು ಅವನು ಕಟ್ಟತೊಡಗಿದ. ಪಾತ್ರ ಕಟ್ಟಲು ಸಿಕ್ಕ ಅಂಕಗಳನ್ನೆಲ್ಲ ಕವಚಕ್ಕೆ, ಗುರಾಣಿಗೆ, ಏಟು ತಾಳುವ ಶಕ್ತಿಗೆ ಸುರಿದ.

"ಕತ್ತಿ ಬೇಡ್ವಾ ಅಣ್ಣಾ? ಇವನು ಹೊಡೆಯೋದು ಹೇಗೆ?" ಎಂದಳು ತಂಗಿ.

"ಹೊಡೆಯೋದೇ ಬೇಡ ಕಣೇ. ಎಷ್ಟು ಹೊಡೆದ್ರೂ ಬೀಳಬಾರ್ದು, ಅಷ್ಟೇ."

ಆದರೂ ಆಟ ಶುರುವಾಗಿ ರಾಕ್ಷಸನ ನಾಲ್ಕನೇ ಏಟಿಗೆ ಯೋಧ ಬಿದ್ದ. ತಂಗಿ ತಟ್ಟನೆ ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹಾಕ್ತೀನಿ."

"ನಾಳೆ ಆ ಬಾಗಿಲಲ್ಲಿ ಯಾರು ಹಾಕ್ತಾರೆ ಕಣೇ ಇನ್ನೊಂದ್ಸಲ?" ಎಂದವನು, ಪಕ್ಕೆ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತುಬಿಟ್ಟ.