ಮಷೀನಮ್ಮ ಓದದೆ ಹೊಡೆದ ಕರಾರು

ನನ್ನ ಓರಗಿತ್ತಿಯನ್ನು ವಕೀಲರೆಲ್ಲ ಮಷೀನಮ್ಮ ಎಂದೇ ಕರೆಯುತ್ತಿದ್ದರು, ನನಗೆ ಅವಳು ಅಕ್ಕ. ಕೋರ್ಟಿನ ಹೊರಗೋಡೆಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷ ಟೈಪು ಮಾಡಿದವಳು. ಅವಳಿಗೊಂದು ಜಂಬವಿತ್ತು. "ನಾನು ಓದಲ್ಲ ಕಣೇ, ಹೊಡೀತೀನಿ. ಓದೋಕೆ ಹೋದ್ರೆ ಕೈ ನಿಲ್ಲುತ್ತೆ." ವಿಚ್ಛೇದನವೋ ಆಸ್ತಿ ಜಗಳವೋ, ಕಣ್ಣಿನಿಂದ ಒಳಗೆ ಹೋದದ್ದು ಬೆರಳಿನಿಂದ ಹೊರಗೆ ಬರುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಇದೊಂದು ದೊಡ್ಡ ವಿದ್ಯೆ ಎಂದು ನಾವೂ ನಂಬಿದ್ದೆವು.

ಮಂಡಿನೋವು ಹೆಚ್ಚಾಗಿ ಮೇಜು ಎತ್ತಿದ ಮೇಲೆ ಅಕ್ಕ ಮನೆ ಹಿಡಿದಳು. ಸುಮ್ಮನೆ ಕೂರುವ ಜೀವವಲ್ಲ ಅದು. ಫೋನಿನಲ್ಲಿ ಡಾಟಾ ಎಂಟ್ರಿ ಕೆಲಸದ ಜಾಹೀರಾತು ಕಂಡಿತು. ಮನೆಯಲ್ಲೇ ಕೆಲಸ, ಹತ್ತು ದಿನಕ್ಕೊಮ್ಮೆ ಸಂಬಳ. ದುಡ್ಡು ಕೇಳಿದರೆ ಕೊಡಬೇಡ ಎಂದು ನಾನು ಬಡಕೊಂಡೆ.

"ಒಂದು ಕಾಸೂ ಕೇಳಿಲ್ಲ ಕಣೇ. ಬರೀ ಪರೀಕ್ಷೆ ಕೊಟ್ಟಿದ್ದಾರೆ."

ಮಸುಕು ಮಸುಕಾದ ಆರು ಪುಟ. ಅದನ್ನು ನೀಟಾಗಿ ಟೈಪು ಮಾಡಿ, ಕೆಳಗೆ ಸಹಿ ಹಾಕಿ ಕಳಿಸಬೇಕು. ಅಕ್ಕ ನಲವತ್ತು ನಿಮಿಷದಲ್ಲಿ ಒಂದೂ ತಪ್ಪಿಲ್ಲದೆ ಹೊಡೆದು ಕಳಿಸಿದಳು. ಪಾಸಾದೆ ಎಂದು ಮಂಡಿನೋವು ಮರೆತು ಕುಣಿದಳು. ಆಮೇಲೆ ಹತ್ತು ದಿನ ಕತ್ತೆ ಹಾಗೆ ದುಡಿದು ನಾನೂರು ಅರ್ಜಿಗಳ ವಿವರ ತುಂಬಿಸಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಸಂಬಳದ ಬದಲು ಫೋನಿಗೆ ವಕೀಲರ ನೋಟಿಸು ಬಂತು. ಕೆಲಸದಲ್ಲಿ ತಪ್ಪುಗಳಿವೆ, ಕರಾರು ಮುರಿದಿದ್ದೀರಿ, ಸಂಜೆ ಐದರೊಳಗೆ ಈ ನಂಬರಿಗೆ ಅರವತ್ತು ಸಾವಿರ ಹಾಕಿ, ಇಲ್ಲವಾದರೆ ಪೊಲೀಸರು ಮನೆಗೆ ಬರುತ್ತಾರೆ.

"ಯಾವ ಕರಾರು ಅಕ್ಕಾ?"

ಅಕ್ಕ ಆ ಆರು ಪುಟ ತೆಗೆದು ಮೊದಲ ಸಲ ಓದಿದಳು. ಪರೀಕ್ಷೆಗೆಂದು ಕೊಟ್ಟದ್ದೇ ಕರಾರು. ತಪ್ಪಾದರೆ ದಂಡ ಕಟ್ಟುತ್ತೇನೆ ಎಂದು ತಾನೇ ಟೈಪು ಮಾಡಿ, ತಾನೇ ಸಹಿ ಹಾಕಿದ್ದಳು. ಅಯ್ಯೋ ದೇವರೇ! ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಹಳ್ಳಕ್ಕೆ ಬೇರೆ ಯಾರು ಬೀಳುತ್ತಿದ್ದರು ಹೇಳಿ!

ಅಕ್ಕನ ಖಾತೆಯಲ್ಲಿ ಇದ್ದದ್ದು ಅರವತ್ತೆರಡು ಸಾವಿರ. ಮಗಳ ನರ್ಸಿಂಗ್ ಕೊನೇ ವರ್ಷದ ಫೀಸು ಅದು. ಸೋಮವಾರ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಅರ್ಧ ಗಂಟೆಗೊಮ್ಮೆ ಒಬ್ಬ ಹುಡುಗಿ ಫೋನ್ ಮಾಡುತ್ತಿದ್ದಳು. "ಮೇಡಂ, ಜೀಪು ಹೊರಡೋಕೆ ರೆಡಿಯಾಗಿದೆ." ಹೊರಗೆ ಯಾವ ಗಾಡಿ ಸದ್ದಾದರೂ ಅಕ್ಕ ಕಿಟಕಿಗೆ ಹೋಗುತ್ತಿದ್ದಳು. ಊಟ ಮುಟ್ಟಲಿಲ್ಲ. "ನಿಮ್ಮ ಭಾವನಿಗೆ ಹೇಳಬೇಡ ಕಣೇ" ಎಂದು ನನ್ನ ಕೈ ಹಿಡಿದುಕೊಂಡಳು. ಮೂರೂವರೆಗೆ ದುಡ್ಡು ಕಳಿಸಲು ಹೊರಟಾಗ ನಾನು ಫೋನ್ ಕಿತ್ತುಕೊಂಡೆ.

"ಕೊಡೇ ಇಲ್ಲಿ! ಮಗಳ ಕಾಲೇಜಿಗೇ ಪೊಲೀಸರು ಹೋದ್ರೆ?"

"ಮೊದಲು ಆ ನೋಟಿಸು ಓದು. ಕೂಗಿ ಓದು, ನಾನೂ ಕೇಳ್ತೀನಿ."

ಅಕ್ಕ ಓದತೊಡಗಿದಳು. ಎರಡನೇ ಸಾಲಿಗೆ ನಿಂತಳು.

"ಇದೇನೇ ಇದು? ವಕೀಲರ ವಿಳಾಸವೇ ಇಲ್ಲ. ಸಾವಿರಾರು ನೋಟಿಸು ಹೊಡೆದಿದ್ದೀನಿ, ಹದಿನೈದು ದಿನ, ತಿಂಗಳು ಅಂತ ಕೊಡ್ತಾರೆ. ಸಂಜೆಯೊಳಗೆ ಅಂತ ಯಾವನೂ ಬರೆಸಿಲ್ಲ."

"ಓದೋದೇ ಇಲ್ಲ ಅಂತಿದ್ದೆ?"

"ಬೆರಳಿಗೆ ಗೊತ್ತಿರುತ್ತೆ ಕಣೇ!"

ಆದರೂ ಹಳೆಯ ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಲು ಅವಳಿಗೆ ನಾಚಿಕೆ. ನಾನೇ ಮಾಡಿ, ಸ್ಪೀಕರ್ ಹಾಕಿ, ನಡೆದದ್ದೆಲ್ಲ ಹೇಳಿದೆ.

"ಕೋರ್ಟಿಗೆ ಹೋಗೋನು ಹೀಗೆ ಹೆದರಿಸ್ತಾ ಕೂರಲ್ಲ ಮಷೀನಮ್ಮ" ಎಂದರು ಅವರು. "ಒಂದು ಕಾಸೂ ಕೊಡಬೇಡಿ. ಮೆಸೇಜು ಒಂದನ್ನೂ ಅಳಿಸಬೇಡಿ, ಬನ್ನಿ, ದೂರು ಕೊಡೋಣ. ಅಲ್ಲಾ, ಕೆಲಸ ಬೇಕಿದ್ರೆ ನನ್ನನ್ನ ಕೇಳಬಾರದಿತ್ತಾ? ಹಳೇ ಕಡತಗಳನ್ನ ಕಂಪ್ಯೂಟರಿಗೆ ಏರಿಸೋಕೆ ಜನ ಸಿಗದೆ ಒದ್ದಾಡ್ತಿದ್ದೀನಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸರಿಯಾಗಿ ಐದಕ್ಕೆ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು. ಆ ಹುಡುಗಿ ಜೀಪಿನ ಮಾತನ್ನೇ ಮತ್ತೆ ಚೀಟಿ ನೋಡಿ ಓದಿದಂತೆ ಒಪ್ಪಿಸಿದಳು.

"ಯಾವ ವಕೀಲರಮ್ಮಾ? ಆಫೀಸು ಎಲ್ಲಿದೆ?" ಅಕ್ಕನ ದನಿ ಏರಿತು. "ಏನು ಓದ್ತಾ ಇದ್ದೀಯಾ ಅಂತಾದ್ರೂ ಗೊತ್ತಾ ನಿನಗೆ?"

ಚೆನ್ನಾಗಿ ಉಗಿ ಎಂದು ನಾನು ಕೈಸನ್ನೆ ಮಾಡಿದೆ. ಆಗ ಹುಡುಗಿ ತೀರ ಸಣ್ಣಗೆ ಹೇಳಿದಳು.

"ನನಗೂ ಟೈಪಿಂಗ್ ಕೆಲಸ ಅಂತಾನೇ ಹೇಳಿದ್ರು ಆಂಟಿ. ನಾನೂ ಸಹಿ ಹಾಕಿಬಿಟ್ಟೆ. ದಂಡ ತೀರೋವರೆಗೂ ಹೀಗೆ ಫೋನ್ ಮಾಡಬೇಕಂತೆ."

ನನ್ನ ಕೈ ಹಾಗೇ ನಿಂತಿತು.

"ಮಗಳೇ, ಇಡಬೇಡ!" ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಅದೆಲ್ಲಾ ಸುಳ್ಳು ಕಣಮ್ಮ, ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಎಲ್ಲಿದ್ದೀಯಾ? ನಿನ್ನ ಹೆಸರೇನು?"

ಫೋನ್ ಕಟ್ಟಾಯಿತು.

ಮಗಳ ಫೀಸು ಉಳಿಯಿತು. ದೂರು ಕೊಡಲು ಹೊರಡೋಣ ಎಂದು ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಇನ್ನೂ ಅಲ್ಲೇ ಕುಳಿತು ಆ ಹುಡುಗಿಯ ನಂಬರನ್ನೇ ಒತ್ತುತ್ತಿದ್ದಳು.